ಲಿಂಗಮ್ಮನ ಒಂಬತ್ತು ವರ್ಷ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳುಗಾರನಲ್ಲ. ಮುಂದಾಲೋಚನೆಯ ಮನುಷ್ಯ. ಉಲ್ಲಾಳದಲ್ಲಿ ಕೆಂಚಪ್ಪ ಎಂದರೆ ಯಾರನ್ನು ಬೇಕಾದರೂ ಕೇಳಿ. ರಾಗಿ ಹೊಲಗಳು ಸೈಟುಗಳಾಗುವ ಮೊದಲೇ ರಸ್ತೆ ಎಲ್ಲಿ ಬರುತ್ತದೆಂದು ಊಹಿಸಿ ಮೂಲೆಯ ಜಾಗ ಉಳಿಸಿಕೊಂಡವನು ನಾನು. ಅಂಥವನು ಹೆಂಡತಿಯ ಆಧಾರ್ ಕಾರ್ಡಿನ ವಿಷಯದಲ್ಲೂ ಸ್ವಲ್ಪ ಮುಂದಾಲೋಚನೆ ಮಾಡಿದರೆ ಅದರಲ್ಲಿ ತಪ್ಪೇನಿದೆ ಎಂದು ಮೊನ್ನೆ ಮೊನ್ನೆಯವರೆಗೂ ಅಂದುಕೊಂಡಿದ್ದೆ.

ಹದಿಮೂರು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ಆಧಾರ್ ಶಿಬಿರ ಹಾಕಿದ್ದರು. ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗಿ, "ಅಮ್ಮಂದು ಹುಟ್ಟಿದ ತಾರೀಕು ಹೇಳಿ ಸಾರ್" ಎಂದಳು. ನನ್ನ ಹೆಂಡತಿ ಲಿಂಗಮ್ಮನಿಗೆ ಹುಟ್ಟಿದ ತಾರೀಕು ಎಂಬುದೇ ಇರಲಿಲ್ಲ. ಅವಳು ಹುಟ್ಟಿದ್ದು ಮನೆಯಲ್ಲಿ, ಬರೆದಿಟ್ಟವರು ಯಾರೂ ಇಲ್ಲ. ಖಾಲಿ ಸೈಟು ಇದ್ದ ಹಾಗೆ, ಏನು ಬೇಕಾದರೂ ಕಟ್ಟಿಕೊಳ್ಳಬಹುದಿತ್ತು. ಅದಕ್ಕೆ ಒಂದು ವಾರ ಮುಂಚೆಯಷ್ಟೇ ನಾವಿಬ್ಬರೂ ಒಂದು ದೊಡ್ಡ ದೇವಸ್ಥಾನದಲ್ಲಿ ಐದು ಗಂಟೆ ಸಾಲು ನಿಂತು ಬಂದಿದ್ದೆವು. ಪಕ್ಕದಲ್ಲೇ ಅರವತ್ತು ದಾಟಿದವರ ಸಾಲು. ಅವರು ಜೊತೆಗೊಬ್ಬರನ್ನು ಕರೆದುಕೊಂಡು ಮದುವೆ ಮನೆಗೆ ಬಂದ ಬೀಗರಂತೆ ಸಲೀಸಾಗಿ ಒಳಗೆ ಹೋಗುತ್ತಿದ್ದರು. ನನ್ನ ವಯಸ್ಸನ್ನು ಮುಟ್ಟುವಂತಿರಲಿಲ್ಲ. ನನ್ನಪ್ಪ ಶಾಲೆಗೆ ಸೇರಿಸುವಾಗ ಮೂರು ವರ್ಷ ಕಡಿಮೆ ಬರೆಸಿದ್ದ, ಅದೇ ಎಲ್ಲ ದಾಖಲೆಗೂ ಏರಿತ್ತು. ಹಾಗಾಗಿ ಲಿಂಗಮ್ಮನಿಗೆ ಒಂಬತ್ತು ವರ್ಷ ಸೇರಿಸಿ, ಜನವರಿ ಒಂದನೇ ತಾರೀಕು ಎಂದು ಬರೆಸಿದೆ. ಅವಳು ಆಗ ಕಣ್ಣಿನ ಫೋಟೋ ತೆಗೆಸಿಕೊಳ್ಳುತ್ತಾ ಕಣ್ಣು ಮಿಟುಕಿಸಬಾರದೆಂದು ಒದ್ದಾಡುತ್ತಿದ್ದಳು, ಏನೂ ಕೇಳಿಸಲಿಲ್ಲ.

ಕಾರ್ಡು ಬೀರುವಿನಲ್ಲಿ ನನ್ನ ಸುಪರ್ದಿಗೆ ಬಂತು. ಏಳು ವರ್ಷ ತಾಳ್ಮೆಯಿಂದ ಕಾದೆ. ಆಮೇಲೆ ಎಲ್ಲಿಗೆ ಹೋದರೂ ನಮಗೆ ಸಣ್ಣ ಸಾಲೇ. ನನ್ನ ವಶೀಲಿಯಿಂದ ಹೀಗಾಗುತ್ತಿದೆ ಎಂದು ಲಿಂಗಮ್ಮ ನಂಬಿದ್ದಳು. ನಾನೂ ನಂಬಲು ಬಿಟ್ಟಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಲಿಂಗಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಸೊಸೆ ಕವನಾ ಮೊಬೈಲ್ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಅದರಲ್ಲಿ ಯಾರೋ ಹೆಂಗಸು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಹಳದಿ ಮೀನುಗಳ ನಡುವೆ ಓಡಾಡುತ್ತಿದ್ದಳು.

"ನೋಡಿ ಅತ್ತೆ, ಇದು ನಮ್ ಕರ್ನಾಟಕದ್ದೇ ಸಮುದ್ರ. ಮುರುಡೇಶ್ವರದ ಹತ್ರ ನೇತ್ರಾಣಿ ಅಂತ. ಸ್ಕೂಬಾ ಅಂತಾರೆ ಇದಕ್ಕೆ."

ಲಿಂಗಮ್ಮನ ಕೈ ನಿಂತಿತು. "ನಾನೂ ಹಿಂಗೇ ಮುಳುಗ್ತಿದ್ದೆ ಕಣೇ. ನಮ್ಮೂರಲ್ಲಿ ಬಾವಿಗೆ ಬಿಂದಿಗೆ ಬಿದ್ರೆ ನನ್ನೇ ಕರೀತಿದ್ರು."

ಇದು ನಿಜ. ಕೆಂಗೇರಿ ಕಡೆಯ ಅವಳ ತವರಿನಲ್ಲಿ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವಳು. ಮದುವೆಯಾಗಿ ಬಂದ ಮೊದಲ ವಾರವೇ ನಮ್ಮ ತೋಟದ ಬಾವಿ ನೋಡಿ ಸೆರಗು ಸಿಕ್ಕಿಸಿದ್ದಳು. ನನ್ನವ್ವ ಓಡಿಬಂದು ತಡೆದಳು. ಹೊಸ ಸೊಸೆ ಬಾವಿಗೆ ಹಾರಿದಳು ಎಂದರೆ ಊರು ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ ಎಂಬುದು ಅವಳ ವಾದ. ಅವಳ ಮಾತಿನಲ್ಲೂ ನ್ಯಾಯವಿತ್ತು. ಆಮೇಲೆ ಬಾವಿಯನ್ನೇ ಮುಚ್ಚಿಸಿದೆವು. ಈಗ ಅದರ ಮೇಲೆ ಒಂದು ಅಪಾರ್ಟ್‌ಮೆಂಟಿನ ಕಾರುಗಳು ನಿಂತಿವೆ.

"ರೀ, ಒಂದೇ ಒಂದ್ಸಲ ಸಮುದ್ರದ ತಳ ನೋಡ್ಬೇಕು" ಎಂದಳು ಲಿಂಗಮ್ಮ. ಮೂವತ್ತೆಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದು ಮಿಕ್ಸಿ, ಇನ್ನೊಂದು ಗೇಟಿಗೆ ಹಸಿರು ಬಣ್ಣ. ಬಣ್ಣ ನಾನು ಹೊಡೆಸಿರಲಿಲ್ಲ. ಇದಕ್ಕೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹತ್ತಿರ ಚಕ್ರಪಾಣಿ ಎಂಬಾತನ ಪ್ರವಾಸದ ಆಫೀಸಿದೆ. ಮೂವರೂ ಹೋದೆವು. ಆತ ಒಂದು ಫಾರಂ ಮುಂದಿಟ್ಟ.

"ಮೂರು ದಿನ ಸಾರ್, ಮುರುಡೇಶ್ವರ. ಡಾಲ್ಫಿನ್ ನೋಡೋದು, ಬನಾನಾ ಬೋಟು, ಪ್ಯಾರಾಸೈಲಿಂಗು, ಕಯಾಕು, ಸ್ಕೂಬಾ. ನಿಮ್ಮ ಉಲ್ಲಾಳದವ್ರು, ಬಾಪೂಜಿ ನಗರದವ್ರು ಎಲ್ಲಾ ಸೇರಿ ಇಪ್ಪತ್ತು ಜನ ಆಗಿದಾರೆ. ಯಾರಿಗೆ ಏನ್ ಬೇಕೋ ಟಿಕ್ ಮಾಡಿ."

ಕವನಾ ಎಲ್ಲದಕ್ಕೂ ಟಿಕ್ ಹಾಕಿದಳು. ನಾನು ಸೂರ್ಯಾಸ್ತ ವೀಕ್ಷಣೆಗೂ ದಡದ ಮೇಲಿನ ನಡಿಗೆಗೂ ಹಾಕಿದೆ. ಬಕೆಟ್ಟಿನಿಂದಾಚೆ ನೀರಿನ ಜೊತೆ ನನಗೆ ವ್ಯವಹಾರವಿಲ್ಲ. ಲಿಂಗಮ್ಮ ಸ್ಕೂಬಾ ಒಂದಕ್ಕೇ, ಅದೂ ಪೆನ್ನು ಕೆಳಗಿನ ಹಾಳೆಗೂ ಇಳಿಯುವಂತೆ, ಒತ್ತಿ ಟಿಕ್ ಹಾಕಿದಳು.

ಚಕ್ರಪಾಣಿ ಆಧಾರ್ ಜೆರಾಕ್ಸುಗಳನ್ನು ನೋಡಿ ತಲೆ ಕೆರೆದುಕೊಂಡ. "ಸಾರ್, ಒಂದು ಪ್ರಾಬ್ಲಮ್ಮು. ಸ್ಕೂಬಾಗೆ ಅರವತ್ತರ ಒಳಗಿರ್ಬೇಕು. ಅಮ್ಮಂಗೆ ಅರವತ್ತಾರು."

"ಯಾವಮ್ಮಂಗೆ?" ಎಂದು ಲಿಂಗಮ್ಮ ಹಿಂದೆ ತಿರುಗಿ ನೋಡಿದಳು. ಹಿಂದೆ ಕ್ಯಾಲೆಂಡರ್ ಮಾತ್ರ ಇತ್ತು.

"ನಿಮಗೇ ಅಮ್ಮ. ಸಾರ್‌ಗೆ ಐವತ್ತೆಂಟೇ, ಸಾರ್ ಬೇಕಾದ್ರೆ ಹೋಗ್ಬಹುದು."

ಸಾರ್‌ಗೆ ನಿಜವಾಗಿ ಅರವತ್ತೊಂದು. ನಾನು ಗೋಡೆಯ ಮೇಲಿದ್ದ ತೆಂಗಿನಮರದ ಚಿತ್ರ ನೋಡತೊಡಗಿದೆ.

"ಮದ್ವೆ ಆದಾಗ ನಂಗೆ ಹತ್ತೊಂಬತ್ತು. ಮದ್ವೆ ಆಗಿ ಮೂವತ್ತೆಂಟು. ಎಷ್ಟಾಯ್ತು ಕವನಾ?" ಎಂದಳು ಲಿಂಗಮ್ಮ.

"ಐವತ್ತೇಳು ಅತ್ತೆ."

"ಮಿಕ್ಕಿದ್ದು ಒಂಬತ್ತು ಎಲ್ಲಿಂದ ಬಂತು?"

ಮೂವರೂ ನನ್ನನ್ನೇ ನೋಡುತ್ತಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನನಗೆ ಪಿಳ್ಳೆಯೂ ಸಿಗಲಿಲ್ಲ. "ಅದೂ... ದೇವಸ್ಥಾನದ ಸಾಲು... ನಿನ್ ಕಾಲು ನೋಯ್ತದೆ ಅಂತ..." ಎಂದೆ.

"ನನ್ನ ಕಾಲು ಯಾವತ್ತು ನೋವಂದಿತ್ತು? ನಿಮ್ಮ ಐದು ಗಂಟೆ ಉಳಿಸೋಕೆ ನನ್ನ ಒಂಬತ್ತು ವರ್ಷ ತೆಗೆದ್ರಾ? ಇಪ್ಪತ್ತೆಂಟಾದ್ರೂ ಮದ್ವೆ ಆಗದೆ ಕೂತಿದ್ದೆ ಅಂತಾಯ್ತಲ್ಲ, ನಮ್ಮಪ್ಪನ ಮರ್ಯಾದೆ ಏನಾಗ್ಬೇಕು?"

ಅವಳ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆದರೂ ಅದನ್ನು ಹೇಳುವ ಸಮಯ ಅದಲ್ಲ ಎಂಬಷ್ಟು ಮುಂದಾಲೋಚನೆ ನನ್ನಲ್ಲಿ ಉಳಿದಿತ್ತು.

ಮರುದಿನವೇ ಆಧಾರ್ ಕೇಂದ್ರಕ್ಕೆ ಓಡಿದೆ. ಪುರಾವೆಗೆಂದು ನಮ್ಮ ಲಗ್ನಪತ್ರಿಕೆ ಒಯ್ದಿದ್ದೆ. ಅಲ್ಲಿದ್ದ ಹುಡುಗಿ ಅದನ್ನು ಎರಡೂ ಕಡೆ ಓದಿ, "ಇದ್ರಿಂದ ನಿಮಗೆ ಮದ್ವೆ ಆಗಿದೆ ಅಂತ ಗೊತ್ತಾಗುತ್ತೆ ಸಾರ್, ಅಮ್ಮ ಹುಟ್ಟಿದಾರೆ ಅಂತ ಗೊತ್ತಾಗಲ್ಲ" ಎಂದಳು. ಜನನ ಪ್ರಮಾಣಪತ್ರ ಬೇಕು, ಅದಿಲ್ಲದಿದ್ದರೆ ಮಾಡಿಸಬೇಕು, ಮಾಡಿಸಲು ತಿಂಗಳುಗಟ್ಟಲೆ ಬೇಕು. ಪ್ರವಾಸಕ್ಕೆ ಉಳಿದದ್ದು ಹತ್ತು ದಿನ.

ಮನೆಗೆ ಬಂದು ಜಗಲಿಯ ಮೇಲೆ ಕೂತು ಎಂದಿನಂತೆ, "ಲಿಂಗೀ, ಕಾಫಿ" ಎಂದೆ.

ಒಳಗಿನಿಂದ ಉತ್ತರ ಬಂತು. "ಕೆಂಚಾ, ಬಂದ್ಯಾ? ಹಂಗೇ ಒಳಗ್ಬಂದು ಕಾಫಿ ಮಾಡು. ನಂಗೂ ಒಂದ್ ಲೋಟ ತಗೊಂಡ್ಬಾ."

ಮೂವತ್ತೆಂಟು ವರ್ಷ 'ರೀ' ಬಿಟ್ಟು ಬೇರೆ ಮಾತಿನಿಂದ ಕರೆದವಳಲ್ಲ. ಮತದಾರರ ಪಟ್ಟಿಯವರು ಬಂದು ಗಂಡನ ಹೆಸರು ಕೇಳಿದರೂ ನಾಚಿಕೊಂಡು ಗೋಡೆಯ ಮೇಲಿನ ಫೋಟೋ ತೋರಿಸುತ್ತಿದ್ದವಳು.

"ಏನೇ ಇದು?" ಎಂದೆ.

"ಏನೇ ಅಂತಾನೆ ನೋಡು ಕವನಾ. ನಂಗೆ ಅರವತ್ತಾರು, ನಿಂಗೆ ಐವತ್ತೆಂಟು. ಸರ್ಕಾರವೇ ಹೇಳಿದೆ. ಎಂಟು ವರ್ಷ ದೊಡ್ಡೋಳನ್ನ ಏನೇ ಅಂತಾರಾ? ಅಕ್ಕಾ ಅನ್ನು. 'ನೀವು' ಅಂತ ಕರಿ."

ಕವನಾ ಸೆರಗಿಲ್ಲದ ಚೂಡಿದಾರದವಳು, ನಗು ಮುಚ್ಚಿಕೊಳ್ಳಲು ಕಿಟಕಿಯ ಪರದೆ ಎಳೆದುಕೊಂಡಳು. ಇದೊಂದು ದಿನದ ಸಿಟ್ಟು ಎಂದುಕೊಂಡೆ. ಅಲ್ಲ. ಮರುದಿನದಿಂದ ಟಿವಿ ಮುಂದಿನ ನನ್ನ ಕುರ್ಚಿ ಅವಳದಾಯಿತು. ಹಿರಿಯರಿಗೆ ಮೊದಲು ಬಡಿಸಬೇಕೆಂದು ಮುದ್ದೆ ಮೊದಲು ಅವಳ ತಟ್ಟೆಗೆ. ಬೆಳಿಗ್ಗೆ ಬಚ್ಚಲಿನಲ್ಲಿ ಬಕೆಟ್ಟಿಗೆ ಮುಖ ಅದ್ದಿ ಉಸಿರು ಕಟ್ಟುವ ಅಭ್ಯಾಸ ಬೇರೆ ಶುರುಮಾಡಿದಳು. ನಾನು ಟವೆಲ್ಲು ಹಿಡಿದು ಬಾಗಿಲಲ್ಲಿ ನಿಲ್ಲಬೇಕು.

ಪಕ್ಕದ ಮನೆಯ ಅಂಜಿನಯ್ಯ ಗೃಹಪ್ರವೇಶಕ್ಕೆ ಕರೆಯಲು ಬಂದ. ಅವನೂ ನಮ್ಮ ಜೊತೆ ಪ್ರವಾಸಕ್ಕೆ ಬರುವವನೇ. "ಕೆಂಚಾ, ಅಂಜಿನಯ್ಯನೋರಿಗೆ ಕುರ್ಚಿ ಹಾಕು, ಹಂಗೇ ನೀರು ಕೊಡು" ಎಂದಳು ಲಿಂಗಮ್ಮ, ಕೂತಲ್ಲಿಂದಲೇ. ಸಂಜೆಯ ಹೊತ್ತಿಗೆ ಉಲ್ಲಾಳದ ಬಸ್‌ಸ್ಟಾಪಿನಲ್ಲಿ ಬಸ್ಸಿಗಿಂತ ಮೊದಲು ನನ್ನ ಸುದ್ದಿ ಬಂದು ನಿಂತಿತ್ತು.

ಮೂರನೆಯ ದಿನ ಚಕ್ರಪಾಣಿಯ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡೆ. ಆತ ಸ್ಕೂಬಾ ಮಾಡಿಸುವವರಿಗೆ ಫೋನ್ ಮಾಡಿ ಕೇಳಿದ. ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿ ಆರೋಗ್ಯವಾಗಿದ್ದಾರೆಂದು ಬರೆದುಕೊಟ್ಟರೆ, ಹೋದ ದಿನ ಈಜಿನ ಪರೀಕ್ಷೆಯಲ್ಲೂ ಪಾಸಾದರೆ, ಅರವತ್ತಾರಾದರೂ ಬಿಡುತ್ತೇವೆ ಎಂದರಂತೆ.

ಬಾಪೂಜಿ ನಗರದ ಡಾಕ್ಟರ್ ಶಶಿಕಲಾ ಹತ್ತಿರ ಕರೆದುಕೊಂಡು ಹೋದೆ. ಅವರು ಲಿಂಗಮ್ಮನ ಎದೆ, ಕಿವಿ, ರಕ್ತದೊತ್ತಡ ಎಲ್ಲ ನೋಡಿ, ಇಸಿಜಿ ತೆಗೆಸಿ, ಮತ್ತೆ ಕಾಗದದ ಮೇಲಿನ ವಯಸ್ಸು ನೋಡಿದರು.

"ಅರವತ್ತಾರಾ? ನಂಬೋಕಾಗ್ತಿಲ್ಲ. ಏನ್ ಊಟ ಮಾಡ್ತೀರಮ್ಮ?"

"ಅದೂ ಡಾಕ್ಟ್ರೇ, ನಿಜ ಹೇಳ್ಬೇಕಂದ್ರೆ..." ಎಂದು ಲಿಂಗಮ್ಮ ಬಾಯಿ ತೆರೆದಳು. ಕಾರ್ಡಿಗೂ ಪತ್ರಕ್ಕೂ ತಾಳೆಯಾಗದಿದ್ದರೆ ಇಷ್ಟೂ ಓಡಾಟ ನೀರುಪಾಲು. "ಮುದ್ದೆ! ಮುದ್ದೆ ಸಾರು!" ಎಂದು ನಾನು ನಡುವೆ ಕೂಗಿದೆ. ಕೂಗಿದ ರಭಸ ನೋಡಿ ಡಾಕ್ಟರು ರಕ್ತದೊತ್ತಡದ ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿದರು. ಮುಳ್ಳು ನೋಡಿ, ನನ್ನ ವಯಸ್ಸು ಕೇಳಿ ಹುಬ್ಬೇರಿಸಿದರು.

"ನಿಮಗೆ ಐವತ್ತೆಂಟಾ? ನೀವು ಉಪ್ಪಿನಕಾಯಿ ಮುಟ್ಟೋಹಾಗಿಲ್ಲ. ಬನಾನಾ ಬೋಟು ಗೀಟು ಹತ್ಬೇಡಿ. ಇಬ್ಬರಲ್ಲಿ ಅರವತ್ತಾರು ಯಾರಿಗೆ ಅಂತ ನನಗೇ ಡೌಟು."

ಹೊರಗೆ ಬಂದ ಮೇಲೆ ಲಿಂಗಮ್ಮ ಡಾಕ್ಟರು ಬರೆದುಕೊಟ್ಟ ಪತ್ರವನ್ನು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಳು. ಕಾಗದ ಪತ್ರ ನನ್ನ ಬೀರುವಿಗೆ ಹೋಗುವ ಕಾಲ ಮುಗಿದಿತ್ತು.

ಮುರುಡೇಶ್ವರ ತಲುಪಿದ ದಿನ ಮಧ್ಯಾಹ್ನ ಈಜುಕೊಳದಲ್ಲಿ ಪರೀಕ್ಷೆ. ಕಲಿಸುವವನು ಅಲ್ಲಿಯವನೇ, ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಆಳು. ಎರಡು ನಿಮಿಷ ತೇಲಿ ತೋರಿಸಿ ಎಂದ. ಲಿಂಗಮ್ಮ ಅಂಗಾತ ಮಲಗಿ, ದಡದಲ್ಲಿದ್ದ ಕವನಾಳ ಹತ್ತಿರ ಮಧ್ಯಾಹ್ನದ ಸಾರು ಸಪ್ಪೆಯಿತ್ತೆಂದು ಮಾತಾಡುತ್ತಲೇ ಎಂಟು ನಿಮಿಷ ತೇಲಿದಳು. ಸಾಕು ಎಂದಾಗ, "ಒಳಗೆ ಏನಾದ್ರೂ ಬಿದ್ದಿದ್ಯಾ? ತೆಗೆದುಕೊಡ್ಲಾ?" ಎಂದು ಕೇಳಿದಳು.

ಅಷ್ಟರಲ್ಲಿ ನಮ್ಮವರು ಕಡಲ ತೀರದಲ್ಲಿ ಮೆರೆಯುತ್ತಿದ್ದರು. ಅಂಜಿನಯ್ಯ ಬನಾನಾ ಬೋಟಿನಿಂದ ಬಿದ್ದು ಪಂಚೆ ಕಳೆದುಕೊಂಡ. ಅವನ ಹೆಂಡತಿ ವರಲಕ್ಷ್ಮಿ ಪ್ಯಾರಾಸೈಲಿಂಗಿನಲ್ಲಿ ಮೇಲೆ ಹೋಗಿ, ಇಳಿಯುವ ತನಕ ಅಷ್ಟೋತ್ತರ ಹೇಳಿದಳು, ಕೆಳಗಿದ್ದ ನಮಗೂ ಕೇಳಿಸಿತು. ನಾನು ಸೂರ್ಯಾಸ್ತ ನೋಡಿದೆ. ಅದು ಉಲ್ಲಾಳದಲ್ಲೂ ಆಗುತ್ತದೆ.

ಮರುದಿನ ಬೆಳಿಗ್ಗೆ ನಮ್ಮವರೆಲ್ಲ ಸ್ಕೂಬಾದ ದೋಣಿ ಹತ್ತಿದರು. ನಾನು ದಡದಲ್ಲೇ ಉಳಿಯಬಹುದಿತ್ತು. ಆದರೆ ಹೆಂಡತಿಯನ್ನು ಸಮುದ್ರದ ತಳಕ್ಕೆ ಕಳಿಸಿ ಹೋಟೆಲಿನಲ್ಲಿ ಇಡ್ಲಿ ತಿನ್ನುವಷ್ಟು ಧೈರ್ಯ ನನಗಿರಲಿಲ್ಲ. ಹತ್ತಿದೆ. ನೇತ್ರಾಣಿಗೆ ಒಂದೂವರೆ ಗಂಟೆಯ ದಾರಿ. ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಿತು, ಇಪ್ಪತ್ತಕ್ಕೆ ದೋಣಿಯ ಅಂಚಿಗೆ ಬಗ್ಗಿದೆ. ಆಮೇಲೆ ಬಗ್ಗಿದಲ್ಲೇ ಇದ್ದೆ.

"ರೀ, ಏನಾಯ್ತ್ರೀ! ಈ ನಿಂಬೆಹಣ್ಣು ಮೂಸ್ರಿ. ದೂರ ನೋಡಿ, ಆ ಗುಡ್ಡ ನೋಡ್ತಾ ಇರಿ" ಎಂದು ಲಿಂಗಮ್ಮ ಬೆನ್ನು ಸವರಿದಳು. ಹತ್ತು ದಿನದ ಮೇಲೆ ಮೊದಲ ಸಲ 'ರೀ' ಎಂದಿದ್ದಳು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವಳು ಮೈಗಂಟುವ ಕರಿ ಉಡುಪು ತೊಟ್ಟು ಬಂದಳು, ನಮ್ಮ ಬೀದಿಯ ಹೆಂಗಸರು ನೈಟಿ ಮೇಲೆ ಹಾಕಿಕೊಳ್ಳುವಂತೆ ಅದರ ಮೇಲೊಂದು ಟವೆಲ್ಲು. ಕಲಿಸುವವನು ಬಹಳ ವಿನಯದಿಂದ ಟವೆಲ್ಲು ತೆಗೆಸಿದ. ಸಿಲಿಂಡರ್ ಕಟ್ಟಿದ. ಅವಳು ನನ್ನ ಕಡೆ ನೋಡಲೂ ಇಲ್ಲ. ನೀರನ್ನೇ ನೋಡುತ್ತಿದ್ದಳು. ಹಾಗೆ ಅವಳು ನೋಡಿದ್ದನ್ನು ನಾನು ಒಮ್ಮೆ ಕಂಡಿದ್ದೆ, ನಮ್ಮ ತೋಟದ ಬಾವಿಯ ಕಟ್ಟೆಯ ಮೇಲೆ, ಅವಳಿಗೆ ಹತ್ತೊಂಬತ್ತಾಗಿದ್ದಾಗ. ಆಮೇಲೆ ಅವಳೂ ಕಲಿಸುವವನೂ ಇಳಿದರು. ನೀರು ಮುಚ್ಚಿಕೊಂಡಿತು.

ನನಗೆ ಹೆದರಿಕೆಯಾಯಿತು. ಕಾಗದದ ಮೇಲೆ ನಾನು ಒಂಬತ್ತು ವರ್ಷ ಬರೆಸಿದ್ದೆ. ಯಾರದೋ ಲೆಕ್ಕದಲ್ಲಿ ಅದು ನಿಜವೇ ಆಗಿ, ಅವಳ ಆಯಸ್ಸಿನಿಂದಲೇ ಅಷ್ಟು ಕಡಿತವಾಗಿಬಿಟ್ಟಿದ್ದರೆ? ಕೊನೆಗೆ ಅವಳಿಲ್ಲದ ಒಂಬತ್ತು ವರ್ಷ ಆ ಮನೆಯಲ್ಲಿ ನಾನೊಬ್ಬನೇ ಏನು ಮಾಡಲಿ? ಇವಳೊಬ್ಬಳು ಮೇಲೆ ಬರಲಿ, ಇನ್ನು ಯಾವ ದೇವಸ್ಥಾನಕ್ಕೆ ಹೋದರೂ ಉದ್ದದ ಸಾಲಿನಲ್ಲೇ ನಿಲ್ಲುತ್ತೇನೆ ಎಂದು ಹರಕೆ ಹೊತ್ತೆ. ದೋಣಿಯವನನ್ನು ನಿಮಿಷಕ್ಕೊಮ್ಮೆ "ಬಂದ್ರಾ?" ಎಂದು ಕೇಳಿದೆ. ಆತ ನೀರಿನ ಗುಳ್ಳೆಗಳನ್ನು ತೋರಿಸಿ, "ಅಲ್ಲೇ ಇದ್ದಾರೆ ಮಾರಾಯ್ರೆ, ಉಸಿರಾಡ್ತಾ ಇದ್ದಾರೆ, ನೀವು ಉಸಿರಾಡಿ" ಎಂದ.

ಇಪ್ಪತ್ತು ನಿಮಿಷಕ್ಕೆ ಲಿಂಗಮ್ಮ ಮೇಲೆ ಬಂದಳು. ಮುಖದ ಗಾಜು ತೆಗೆದಾಗ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಒಂದು ಮೀನು ನನ್ ಮುಖದ ಹತ್ರಾನೇ ಬಂದು ನಿಂತ್ಕೊಂಡು ನೋಡ್ತು ಕಣೇ ಕವನಾ. ಅದೂ ಹೆದರ್ಲಿಲ್ಲ, ನಾನೂ ಹೆದರ್ಲಿಲ್ಲ."

ಎಲ್ಲರೂ ಹತ್ತಿದ ಮೇಲೆ ಕಲಿಸುವವನು ಒಂದು ಬಣ್ಣದ ಸರ್ಟಿಫಿಕೇಟು ತೆಗೆದ. "ಕೇಳಿ, ಈ ಸೀಸನ್ನಿನಲ್ಲಿ ನಮ್ಮ ಜೊತೆ ಕೆಳಗೆ ಹೋದ ಹೆಂಗಸರಲ್ಲಿ ಇವರೇ ಎಲ್ಲರಿಗಿಂತ ಹಿರಿಯರು. ಅರವತ್ತಾರು ವರ್ಷ! ರೆಕಾರ್ಡು!" ಎಂದ. ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಂಜಿನಯ್ಯ ಸೀಟಿ ಹೊಡೆದ. ಹತ್ತು ಮೊಬೈಲುಗಳು ಅವಳ ಕಡೆ ತಿರುಗಿದವು. ಕಾರ್ಡಿನ ಸುಳ್ಳು ಕೊನೆಗೂ ಅವಳಿಗೇ ಕಿರೀಟವಾಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಮುಂದಾಲೋಚನೆ ಯಾವತ್ತೂ ದಂಡವಾಗುವುದಿಲ್ಲ ಎಂದುಕೊಳ್ಳುತ್ತಿದ್ದೆ.

"ತಡೀರಿ" ಎಂದಳು ಲಿಂಗಮ್ಮ. "ನಂಗೆ ಅರವತ್ತಾರಲ್ಲ. ಐವತ್ತೇಳು."

ಚಪ್ಪಾಳೆ ನಿಂತಿತು. ಕಲಿಸುವವನು ತಗ್ಗಿದ ದನಿಯಲ್ಲಿ, "ಅಮ್ಮ, ಅರವತ್ತಾರು ಅಂದ್ರೆ ರೆಕಾರ್ಡು. ಐವತ್ತೇಳಾದ್ರೆ ಏನೂ ಇಲ್ಲ, ಸುಮಾರು ಜನ ಹೋಗಿದ್ದಾರೆ. ಕಾಗದದಲ್ಲಿ ಹೇಗೂ ಇದೆ, ಇಟ್ಕೊಳ್ಳಿ" ಎಂದ.

"ಬೇಡ. ಅದು ನಂದಲ್ಲ."

ಅವಳು ನನ್ನ ಹೆಸರೆತ್ತಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಎತ್ತಿದ್ದರೆ ಏನಾದರೂ ವಾದಿಸುತ್ತಿದ್ದೆನೋ ಏನೋ. ಅಂಜಿನಯ್ಯ, ವರಲಕ್ಷ್ಮಿ, ಇಡೀ ಉಲ್ಲಾಳ ಬಾಪೂಜಿ ನಗರದ ಎದುರು ನಿಂಬೆಹಣ್ಣು ಹಿಡಿದಿದ್ದ ಕೈಯನ್ನೇ ಮೇಲೆತ್ತಿ, "ಬರೆಸಿದ್ದು ನಾನು" ಎಂದೆ. "ಅವಳಿಗೆ ಗೊತ್ತೇ ಇರ್ಲಿಲ್ಲ. ಐವತ್ತೇಳೇ. ನಂಗೂ ಐವತ್ತೆಂಟಲ್ಲ, ಅರವತ್ತೊಂದು."

ಕೊನೆಯದನ್ನು ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಕಲಿಸುವವನು ಜೋರಾಗಿ ನಕ್ಕ. ಸರ್ಟಿಫಿಕೇಟಿನ ಮೇಲಿದ್ದ ಅರವತ್ತಾರನ್ನು ಗೀಟೆಳೆದು ಹೊಡೆದು, ಪಕ್ಕದಲ್ಲಿ ಐವತ್ತೇಳು ಎಂದು ಬರೆದ. "ಆಯ್ತಮ್ಮ. ಆದ್ರೆ ಇನ್ನೊಮ್ಮೆ ಬರೋದಾದ್ರೆ ಅರವತ್ತರ ಒಳಗೆ ಬಂದುಬಿಡಿ. ಆಮೇಲೆ ಕಷ್ಟ."

"ಯಾಕೆ ಕಷ್ಟ? ಅರವತ್ತಾರು ಅಂತ ತಿಳ್ಕೊಂಡೇ ಇವತ್ತು ಬಿಟ್ರಿ ತಾನೆ?" ಎಂದಳು ಲಿಂಗಮ್ಮ. "ಹಂಗಾದ್ರೆ ಅರವತ್ತಾರರ ತನಕ ಬಿಡ್ಬೇಕು. ಅದಕ್ಕಿನ್ನೂ ಒಂಬತ್ತು ವರ್ಷ ಇದೆ. ವರ್ಷಕ್ಕೊಂದ್ಸಲ ಬರ್ತೀನಿ. ನಮ್ಮಿಬ್ಬರ ಹೆಸರೂ ಬರ್ಕೊಳ್ಳಿ."

ಆತ ಪೆನ್ನು ಹಿಡಿದು ನನ್ನ ಕಡೆ ನೋಡಿದ. ಒಂಬತ್ತು ವರ್ಷ, ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಅಲೆಯೊಂದು ಬಂದು ದೋಣಿಯನ್ನು ಎತ್ತಿ ಇಳಿಸಿತು.

"ಬರ್ಕೊಳ್ಳಿ" ಎಂದು ಹೇಳಿ, ಮತ್ತೆ ಅಂಚಿಗೆ ಬಗ್ಗಿದೆ.